ಕೋಸಿನ ಹುಳ ಔಷಧಿಗೆ ಬಗ್ಗುತ್ತಿಲ್ಲವೇ? ಎಣ್ಣೆ ಬೆರೆಸುವುದು ಹೀಗೆ

ಎಲೆಕೋಸು, ಹೂಕೋಸು ಬೆಳೆಯುವವರಿಗೆ ಡೈಮಂಡ್‌ಬ್ಯಾಕ್ ಹುಳದ ಕಾಟ ಹೇಳಿ ಮುಗಿಯುವುದಿಲ್ಲ. ಇದು ಡಿಡಿಟಿಗೆ ಬಗ್ಗುತ್ತಿಲ್ಲ ಎಂದು ಜಾವಾ ದ್ವೀಪದಲ್ಲಿ ಗೊತ್ತಾಗಿದ್ದು 1953ರಲ್ಲೇ. ಆಮೇಲೆ ಬಂದ ಎಷ್ಟೋ ಔಷಧಿಗಳನ್ನೂ ಅರಗಿಸಿಕೊಂಡಿತು. ಡೋಸ್ ಜಾಸ್ತಿ ಮಾಡಿದರೆ ಗಟ್ಟಿ ಹುಳಗಳೇ ಉಳಿದು ಸಂತಾನ ಬೆಳೆಸುತ್ತವೆ, ಅಷ್ಟೇ.

ಹುಳದ ಮೈಯಲ್ಲಿ ವಿಷ ಒಡೆಯುವ ಕಿಣ್ವಗಳಿವೆ. ಎಳ್ಳೆಣ್ಣೆಯ ಸೆಸಮಿನ್‌ನಂಥ ಅಂಶ ಈ ಕಿಣ್ವಗಳನ್ನು ಕಟ್ಟಿಹಾಕುತ್ತದೆ. ಸೇವಂತಿಗೆ ಜಾತಿಯ ಹೂವಿನಿಂದ ತೆಗೆಯುವ ಕೀಟನಾಶಕ ಪೈರೆಥ್ರಮ್ ಜೊತೆ ಎಳ್ಳೆಣ್ಣೆ ಬೆರೆಸುವ ಉಪಾಯಕ್ಕೆ ಅಮೆರಿಕದಲ್ಲಿ 1940ರಲ್ಲೇ ಪೇಟೆಂಟ್ ಸಿಕ್ಕಿತ್ತು. ನಮ್ಮ ಹೊಲಕ್ಕೆ ಕೈಗೆಟುಕುವುದು ಬೇವಿನೆಣ್ಣೆ, ಹೊಂಗೆ ಎಣ್ಣೆ. ಬೇವಿನಲ್ಲಿ ಹುಳದ ಬಾಯಿ ಕಟ್ಟುವ ಗುಣವೂ ಇದೆ.

ಮೊದಲು ಔಷಧಿ ನೋಡಿ. ಪೈರೆಥ್ರಮ್ ಮಾದರಿಯಲ್ಲೇ ತಯಾರಿಸಿದ ಪೈರೆಥ್ರಾಯ್ಡ್ ಗುಂಪಿನದಾದರೆ ಇಂಥ ಎಣ್ಣೆ ನೆರವಾಗಬಹುದು. ಕ್ಲೋರ್‌ಫೆನಪೈರ್, ಡಯಾಫೆನ್‌ಥಿಯುರಾನ್ ಔಷಧಿಗಳಿಗೆ ಎಣ್ಣೆ ಬೆರೆಸುವುದು ಬೇಡ. ಅವು ಹುಳದ ಮೈಯೊಳಗೆ ಅದೇ ಬಗೆಯ ಕಿಣ್ವಗಳಿಂದಲೇ ವಿಷವಾಗಿ ಬದಲಾಗುತ್ತವೆ. ಕಿಣ್ವ ಕಟ್ಟಿದರೆ ಔಷಧಿಯೇ ಮಂಕಾಗಬಹುದು. ಈ ಮಾತು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

15 ಲೀಟರ್ ಟ್ಯಾಂಕಿಗೆ 75 ಮಿಲಿ ಬೇವಿನೆಣ್ಣೆ ಸಾಕು. 15ರಿಂದ 30 ಗ್ರಾಂ ಸೋಪನ್ನು ಬೆಚ್ಚಗಿನ ನೀರಿನಲ್ಲಿ ಕರಗಿಸಿ. ಎಣ್ಣೆಯನ್ನು ಸಣ್ಣ ಧಾರೆಯಾಗಿ ಬಿಡುತ್ತಾ ಕಡ್ಡಿಯಲ್ಲಿ ಚೆನ್ನಾಗಿ ಕಡೆಯಿರಿ. ಹಾಲಿನಂತೆ ಬೆಳ್ಳಗಾಗಬೇಕು. ಬೋರ್‌ವೆಲ್ ನೀರು ಗಡಸಾಗಿದ್ದರೆ ಸೋಪು ಮೊಸರಿನಂತೆ ಒಡೆಯುತ್ತದೆ, ಎಣ್ಣೆ ಮೇಲೆ ತೇಲುತ್ತದೆ. ಆಗ ಮಳೆನೀರೇ ಒಳ್ಳೆಯದು.

ಟ್ಯಾಂಕಿಗೆ ಹಾಕುವ ಮುಂಚೆ ಒಂದು ಗಾಜಿನ ಬಾಟಲಿಯಲ್ಲಿ ಅದೇ ಅಳತೆಯಲ್ಲಿ ನೀರು, ಔಷಧಿ, ಈ ಹಾಲು ಬೆರೆಸಿ ಅರ್ಧ ಗಂಟೆ ಇಡಿ. ಪದರ ಬಿಟ್ಟರೆ ಹೊಡೆಯಬೇಡಿ. ಔಷಧಿಯ ಪ್ರಮಾಣ ಲೇಬಲ್‌ನಲ್ಲಿ ಇದ್ದಷ್ಟೇ ಇರಲಿ.

ನಾಲ್ಕೈದು ಗಿಡಕ್ಕೆ ಹೊಡೆದು ಎರಡು ದಿನ ಕಾಯಿರಿ. ಎಲೆ ಸುಡದಿದ್ದರೆ ಮುಂದುವರಿಯಿರಿ. ಹೊಂಗೆ ಎಣ್ಣೆ ಜಾಸ್ತಿಯಾದರೆ ಎಲೆ ಸುಡುವುದುಂಟು. ಗಂಧಕ ಹೊಡೆದ ಎರಡು ಮೂರು ವಾರ ಎಣ್ಣೆ ಮುಟ್ಟಬೇಡಿ.

ಸಂಜೆ ಹೊತ್ತು ಹೊಡೆಯಿರಿ, ಜೇನುಹುಳಗಳು ಗೂಡಿಗೆ ಮರಳಿರುತ್ತವೆ. ಕೋಸಿನ ಎಲೆಗೆ ಮೇಣದ ಲೇಪ ಇದೆ, ಬರೀ ನೀರು ಉರುಳಿ ಹೋಗುತ್ತದೆ. ಸೋಪಿನಿಂದ ಹನಿ ಹರಡಿ ಕೂರುತ್ತದೆ. ಹುಳ ಇರುವುದು ಎಲೆಯ ಅಡಿಯಲ್ಲಿ, ನಾಜಲ್ ಅತ್ತ ತಿರುಗಿಸಿ. ಎಣ್ಣೆ ಬೆರೆತಾಗ ವಿಷ ನಿಮ್ಮ ಚರ್ಮದೊಳಕ್ಕೂ ಸುಲಭವಾಗಿ ಇಳಿಯಬಹುದು. ಕೈಗವಸು, ಮಾಸ್ಕ್ ಬಿಡಬೇಡಿ.

ಇಷ್ಟೆಲ್ಲ ರಗಳೆ ಬೇಡ ಎನ್ನುವವರಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಬೇವಿನ ಸೋಪು, ಹೊಂಗೆ ಸೋಪು ಇವೆ. ಕೋಸಿನ 25 ಸಾಲಿಗೆ ಎರಡು ಸಾಲು ಸಾಸಿವೆ ಹಾಕುವುದೂ ಅದೇ ಸಂಸ್ಥೆಯ ಸಲಹೆ. ಈ ಹುಳದ ಪತಂಗ ಸಾಸಿವೆಗೇ ಹೋಗಿ ಮೊಟ್ಟೆ ಇಡುತ್ತದೆ.

ಹೊಡೆದ ಮೂರು ದಿನಕ್ಕೆ ಎಲೆ ಮಗುಚಿ ಎಣಿಸಿ. ಜೀವಂತ ಹುಳ ಹಾಗೇ ಇದ್ದರೆ ಎಣ್ಣೆ ಹೆಚ್ಚಿಸಬೇಡಿ, ಔಷಧಿಯ ಗುಂಪನ್ನೇ ಬದಲಿಸಿ.