"ಅಪ್ಪನ ಜಾಕೆಟ್ಟಾ?" ಅಂತ ನಕ್ಕರು: ಮಳೆ ಜಾಕೆಟ್ ಆರಿಸಿದ ನನ್ನ ಅನುಭವ

ಹೋದ ಸಲದ ಚಾರಣದಲ್ಲಿ ಆರು ಗಂಟೆ ಮಳೆ ಬಿಡಲೇ ಇಲ್ಲ. ಕೆಳಗಿಳಿದು ಸೂರಿನಡಿ ನಿಂತಾಗ ಗೆಳೆಯರೆಲ್ಲ ಜಾಕೆಟ್ ಬಿಚ್ಚಿ ಒಳಗಿನ ಶರ್ಟ್ ಹಿಂಡುತ್ತಿದ್ದರು. ನಾನು ಬ್ಯಾಗಿನಿಂದ ಪುಟ್ಟ ತಕ್ಕಡಿ ತೆಗೆದು ನನ್ನ ಶರ್ಟ್ ತೂಗಿದೆ. ಒಣಗಿದ್ದಾಗ 140 ಗ್ರಾಂ ಇರುವ ಶರ್ಟು 185ರ ಆಸುಪಾಸು ತೋರಿಸಿತು. ಹಿಂಡಿದರೆ ಒಂದು ಹನಿಯೂ ಬೀಳಲಿಲ್ಲ. ಬೆಳಿಗ್ಗೆ ಇದೇ ಜನ ನನ್ನ ದೊಗಳೆ ಜಾಕೆಟ್ ನೋಡಿ "ಇದೇನು ಗುರು, ಅಪ್ಪನ ಜಾಕೆಟ್ಟಾ?" ಅಂತ ನಕ್ಕಿದ್ದರು. ಇದನ್ನು ಬರೆಯಲು ಕೂತಿದ್ದೇ ಆ ನಗು ನೆನಪಾಗಿ. ಸ್ವಲ್ಪ ಜಂಬ ಅಂತಲೇ ಇಟ್ಟುಕೊಳ್ಳಿ.

ಇಲ್ಲಿಗೆ ಬರಲು ಐದು ವರ್ಷ, ನಾಲ್ಕು ಜಾಕೆಟ್ ಹಿಡಿಯಿತು. ಮೊದಲ ಮೂರರ ದುಡ್ಡು ನೀರುಪಾಲಾಯಿತು, ಬೇರೆ ಮಾತಿಲ್ಲ.

ಮೊದಲನೆಯದು ಒಳಗೆ ಬಲೆಯ ಲೈನಿಂಗ್ ಇದ್ದ ಅಗ್ಗದ ಮಾಲು. ಅರ್ಧ ಕಿಲೋ ದಾಟುತ್ತಿತ್ತು. 5,000 ಮಿ.ಮೀ. ನೀರು ತಡೆಯುತ್ತದೆ, ಅಂದರೆ ಬಟ್ಟೆಯ ಮೇಲೆ ಅಷ್ಟೆತ್ತರ ನೀರು ನಿಂತರೂ ಒಳಗಿಳಿಯದು ಅಂತ ಚೀಟಿ ಹೇಳುತ್ತಿತ್ತು. ಜಿಟಿಜಿಟಿ ಮಳೆಗೆ ಸಾಕು. ಆದರೆ ಹೆಗಲ ಮೇಲೆ ಬ್ಯಾಗಿನ ಪಟ್ಟಿ ಒತ್ತಿ ಉಜ್ಜುವ ಜಾಗದಲ್ಲಿ ಎರಡನೇ ವರ್ಷಕ್ಕೇ ನೀರು ಇಳಿಯತೊಡಗಿತು. ಲೈನಿಂಗ್ ಒದ್ದೆಯಾದರೆ ಒಣಗಲು ಒಂದಿಡೀ ರಾತ್ರಿ ಬೇಕು. ಇದರ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ, ನೀವೂ ಇಂಥದ್ದನ್ನು ಒಂದು ಸಲ ಕೊಂಡಿರುತ್ತೀರಿ.

ಎರಡನೆಯದರಲ್ಲಿ ನಿಜವಾಗಿ ಕೈ ಸುಟ್ಟುಕೊಂಡೆ. ಮೂರು ಪದರ (ಹೊರಬಟ್ಟೆ, ಪೊರೆ, ಒಳಬಟ್ಟೆ), ಟೆಫ್ಲಾನ್ ಪ್ಲಾಸ್ಟಿಕ್ಕನ್ನೇ ಹಿಗ್ಗಿಸಿದ ಪಿಟಿಎಫ್‌ಇ ಪೊರೆ, ನೀರು ತಡೆಯುವುದು 20,000, ಆವಿ ಬಿಡುವುದೂ 20,000. ನನ್ನ ಶೂ, ಬ್ಯಾಗ್, ಮಲಗುವ ಚೀಲ ಮೂರಕ್ಕೂ ಸೇರಿ ಎಷ್ಟಾಗಿತ್ತೋ ಅಷ್ಟು ದುಡ್ಡು. ಕಂತಿನಲ್ಲಿ ಕೊಂಡೆ. ಕಂತು ತೀರುವ ಮೊದಲೇ ಪ್ರೀತಿ ತೀರಿತು. ಬೆಚ್ಚಗಿನ ಮಳೆಯಲ್ಲಿ ಒಂದು ಗಂಟೆ ಏರಿದ ಮೇಲೆ ಮೊಣಕೈ ಹತ್ತಿರ ಬಟ್ಟೆ ಒತ್ತಿದರೆ ಒಳಗೆ ಪಚಕ್ ಅನ್ನುತ್ತಿತ್ತು. ಸೋರುತ್ತಿದೆ ಅಂತ ಅಂಗಡಿಗೆ ಹೊತ್ತುಕೊಂಡು ಹೋಗಿ ಜಗಳ ತೆಗೆದೆ. ಅಲ್ಲಿದ್ದ ಹುಡುಗ ಮಾತಾಡಲಿಲ್ಲ. ಒಂದು ತೋಳಿನ ತುದಿ ಗಂಟು ಹಾಕಿ, ಒಳಗೆ ನೀರು ತುಂಬಿಸಿ, ಹತ್ತು ನಿಮಿಷ ತೂಗುಹಾಕಿದ. ಹೊರಗಡೆ ಒಂದು ಹನಿ ಇಲ್ಲ.

"ಸರ್, ನೀರು ಬರ್ತಿರೋದು ನಿಮ್ಮಿಂದಾನೇ" ಅಂದ.

ಅವತ್ತು ಸಿಟ್ಟು ಬಂತು. ಮನೆಗೆ ಬಂದು ಕಾಗದದ ಮೇಲೆ ಲೆಕ್ಕ ಹಾಕಿದೆ. ಆವಿ ಬಿಡುವ ಆ 20,000 ಅಂದರೆ ಒಂದು ಚದರ ಮೀಟರ್ ಬಟ್ಟೆ 24 ಗಂಟೆಯಲ್ಲಿ ಬಿಡುವ ಆವಿಯ ಗ್ರಾಂ ಲೆಕ್ಕ. ಬೆನ್ನನ್ನು ಬ್ಯಾಗ್ ಮುಚ್ಚಿರುತ್ತದೆ, ಉಳಿದದ್ದು ಹೆಚ್ಚುಕಡಿಮೆ ಒಂದು ಚದರ ಮೀಟರ್ ಅಂತಿಟ್ಟುಕೊಳ್ಳಿ. ಗಂಟೆಗೆ 830 ಗ್ರಾಂ ಆಯಿತು. ಕಡಿದಾದ ಏರಿನಲ್ಲಿ ಗಂಟೆಗೆ ಒಂದು ಲೀಟರ್ ತನಕ ಬೆವರು ಹರಿಯುತ್ತದೆ. ಕಾಗದದ ಮೇಲೇ ಸಾಲಲಿಲ್ಲ, ನೋಡಿ. ಅದೂ ಆ ಅಂಕಿ ಲ್ಯಾಬಿನದು. ಹೆಚ್ಚು ಅಂಕಿ ಕೊಡುವ ಒಂದು ಪರೀಕ್ಷೆಯಲ್ಲಿ ಬಟ್ಟೆಯ ಇನ್ನೊಂದು ಬದಿಗೆ ತೇವ ಹೀರುವ ಉಪ್ಪನ್ನೇ ಇಟ್ಟಿರುತ್ತಾರೆ. ಮಳೆಯಲ್ಲಿ ನಮ್ಮ ಹೊರಗಡೆ ಇರುವುದು ತೇವ ತುಂಬಿ ತುಳುಕುವ ಗಾಳಿ. ಅದು ಏನನ್ನು ಹೀರೀತು?

ಪೊರೆಯನ್ನು ಬೈಯುತ್ತಿಲ್ಲ. 1969ರಲ್ಲಿ ಅಮೆರಿಕದ ಎಂಜಿನಿಯರ್ ಬಾಬ್ ಗೋರ್ ಬಿಸಿ ಪಿಟಿಎಫ್‌ಇ ಕಡ್ಡಿಯನ್ನು ಸಟ್ಟನೆ ಜಗ್ಗಿದಾಗ ಅದು ತುಂಡಾಗದೆ ಹಿಗ್ಗಿತಲ್ಲ, ಅಂದಿನಿಂದ ಆ ಪೊರೆಯ ತೂತುಗಳು ತಮ್ಮ ಕೆಲಸ ಮಾಡುತ್ತಲೇ ಇವೆ. ಹನಿ ಒಳಗೆ ಬರುವುದಿಲ್ಲ, ಆವಿ ಹೊರಗೆ ಹೋಗುತ್ತದೆ. ಆದರೆ ಆವಿಯನ್ನು ಹೊರಗೆ ತಳ್ಳಲು ಒಳಗಿನ ಮತ್ತು ಹೊರಗಿನ ಆವಿಯ ಒತ್ತಡದಲ್ಲಿ ವ್ಯತ್ಯಾಸ ಬೇಕು. 25 ಡಿಗ್ರಿ ಮಳೆಯಲ್ಲಿ ಆ ತಳ್ಳುವ ಬಲ 8 ಡಿಗ್ರಿ ಮಳೆಯಲ್ಲಿರುವುದರ ಸುಮಾರು ಅರ್ಧ. ಚಳಿ ಬೆಟ್ಟದಲ್ಲಿ "ಅದ್ಭುತ" ಅನ್ನಿಸಿಕೊಂಡ ಜಾಕೆಟ್ ಬೆಚ್ಚಗಿನ ಕಾಡಿನಲ್ಲಿ ಪ್ಲಾಸ್ಟಿಕ್ ಚೀಲ ಆಗುವುದು ಇದಕ್ಕೇ.

ಮೂರನೆಯದು ಹಟಕ್ಕೆ ಕೊಂಡದ್ದು. ಹೇಗೂ ಒದ್ದೆಯಾಗುತ್ತೇನೆ, ತೂಕವಾದರೂ ಉಳಿಯಲಿ ಅಂತ 130 ಗ್ರಾಮಿನ ಎರಡೂವರೆ ಪದರದ (ಒಳಬಟ್ಟೆಯ ಬದಲು ತೆಳು ಲೇಪ ಮಾತ್ರ) ಜಾಕೆಟ್. ಮಡಚಿದರೆ ಮುಷ್ಟಿಯಷ್ಟು. ಮೈಗೆ ಅಂಟಿಕೊಂಡು ಜಿಗುಟು ಜಿಗುಟು. ಒಂದು ಸಲ ಹಸಿಯಾಗಿಯೇ ಸುತ್ತಿ ಕಪಾಟಿನಲ್ಲಿ ಮರೆತೆ. ತಿಂಗಳುಗಟ್ಟಲೆ ಅಲ್ಲೇ ಇತ್ತು. ತೆಗೆದಾಗ ಒಳಗಿನ ಪಿಯು (ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್) ಲೇಪ ತಲೆಹೊಟ್ಟಿನ ಹಾಗೆ ಉದುರುತ್ತಿತ್ತು. ಹೊಲಿಗೆ ಮೇಲಿನ ಟೇಪು ಉಗುರಿಗೆ ಸಿಕ್ಕಿ ಉದ್ದಕ್ಕೆ ಎದ್ದುಬಂತು. ತೇವ, ಸೆಕೆ ಎರಡೂ ಸೇರಿದರೆ ಪಿಯು ಕೊಳೆಯುತ್ತದೆ. ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ.

ಇಲ್ಲಿಗೆ ಅಂಕಿ ನೋಡಿ ಕೊಳ್ಳುವ ಚಟ ಬಿಟ್ಟೆ. ಶರ್ಟ್ ತೂಗುವ ಕೆಲಸ ಶುರುವಾಯಿತು.

ಇದಕ್ಕೆ ಮಳೆಯೇ ಬೇಡ. ಒಂದು ಉದ್ದನೆಯ ಮೆಟ್ಟಿಲ ಸಾಲು, ಯಾವಾಗಲೂ ಅದೇ ಶರ್ಟ್, ಆರು ಕಿಲೋ ತುಂಬಿದ ಅದೇ ಬ್ಯಾಗ್, 40 ನಿಮಿಷ. ಹತ್ತುವ ಮೊದಲು ಶರ್ಟ್ ತೂಕ, ಇಳಿದ ಕೂಡಲೇ ಮತ್ತೆ ತೂಕ. ಜಾಕೆಟ್ಟಿನ ಒಳಗಿನ ತೇವವನ್ನೂ ಅದೇ ಶರ್ಟಿನಿಂದ ಒರೆಸಿಕೊಂಡೇ ತೂಗಬೇಕು. ಇಲ್ಲದಿದ್ದರೆ ಪ್ಲಾಸ್ಟಿಕ್ಕಿನಂಥ ಜಾಕೆಟ್ಟಿಗೆ ಸುಮ್ನೆ ಒಳ್ಳೆ ಅಂಕ ಸಿಗುತ್ತದೆ. ಮೊದಲ ವಾರ ನಾನು ಈ ತಪ್ಪನ್ನೇ ಮಾಡಿದ್ದು.

ಬರೆದಿಟ್ಟ ಪುಸ್ತಕ ಎಲ್ಲೋ ಹೋಗಿದೆ, ನೆನಪಿನಿಂದ ಹೇಳುತ್ತೇನೆ. ಜಾಕೆಟ್ ಇಲ್ಲದೆ ಹತ್ತಿದಾಗ ಶರ್ಟ್ 25–30 ಗ್ರಾಂ ಏರಿತು. ದುಬಾರಿ ಜಾಕೆಟ್ಟಿನಲ್ಲಿ 110. ಅದನ್ನೇ ಹೊರಗಡೆ ಪೂರ್ತಿ ನೆನೆಸಿ ಹಾಕಿಕೊಂಡಾಗ 140. ಮುಷ್ಟಿಯಷ್ಟರ ಆ ಹಗುರ ಜಾಕೆಟ್ಟಿನ ಲೇಪ ಉದುರದ ಅರ್ಧ ಭಾಗ ನಂಬಿ ಹಾಕಿದಾಗ 150 ದಾಟಿತು. ಆಮೇಲೆ ಗೆಳೆಯನೊಬ್ಬನ ಹಳೇ ಜಾಕೆಟ್ ಎರವಲು ತಂದೆ. ಪಿಯು ಪೊರೆ, ಅಂಕಿ ಬರೀ 10,000. ಆದರೆ ಕಂಕುಳಲ್ಲಿ ಉದ್ದುದ್ದ ಜಿಪ್. ತೆರೆದಿಟ್ಟು ಹತ್ತಿದರೆ 60. ತಕ್ಕಡಿ ಕೆಟ್ಟಿದೆ ಅಂದುಕೊಂಡು ಮೂರು ದಿನ ಬಿಡದೆ ಹತ್ತಿದೆ. ಅದೇ 60, ಒಂದು ದಿನ 65. ನನ್ನ 20,000ದ ಜಾಕೆಟ್ಟಿಗೆ ಕಂಕುಳ ಜಿಪ್ಪೇ ಇರಲಿಲ್ಲ. ತೂಕ ಉಳಿಸಲು ಬಿಟ್ಟಿದ್ದರು.

ಇದನ್ನು ಹೇಳಿದಾಗ ನಮ್ಮ ಗುಂಪಿನಲ್ಲಿ ಯಾರೂ ಒಪ್ಪಲಿಲ್ಲ. "ಕಂಕುಳಲ್ಲಿ ಕಿಟಕಿ ಇಟ್ಟರೆ ಮಳೆ ನುಗ್ಗೋದಿಲ್ವಾ?" ಅಂದರು. ಕೈ ಇಳಿಬಿಟ್ಟು ನಡೆಯುವಾಗ ತೋಳೇ ಸೂರು. ಅಡ್ಡಗಾಳಿ ಇದ್ದರೆ ಗಾಳಿ ಬರುವ ಬದಿಯದನ್ನು ಮುಚ್ಚಿ, ಇನ್ನೊಂದು ತೆರೆದಿಡಿ. ಚಳಿಗಾಳಿ ಜೋರಾದರೆ ಎರಡನ್ನೂ ಮುಚ್ಚುತ್ತೇನೆ, ಆಗ ಪೊರೆ ತಾನೇ ಚೆನ್ನಾಗಿ ಕೆಲಸ ಮಾಡುತ್ತದೆ.

ನಡುವೆ ಬೇಡದ ಒಂದು ಪ್ರಯೋಗವನ್ನೂ ಮಾಡಿದೆ. ನಾಲ್ಕು ಲೋಟ, ಸಮನಾಗಿ ಬಿಸಿನೀರು. ಒಂದು ತೆರೆದದ್ದು. ಒಂದರ ಬಾಯಿಗೆ ಪ್ಲಾಸ್ಟಿಕ್, ಉಳಿದ ಎರಡಕ್ಕೆ ಎರಡು ಜಾಕೆಟ್ಟಿನ ಬಟ್ಟೆ, ರಬ್ಬರ್ ಬ್ಯಾಂಡ್ ಬಿಗಿದು ನಾಲ್ಕು ಗಂಟೆ ಬಿಟ್ಟೆ. ತೆರೆದ ಲೋಟ 18–20 ಗ್ರಾಂ ಕಳೆದುಕೊಂಡಿತು. ಪ್ಲಾಸ್ಟಿಕ್ ಕಟ್ಟಿದ್ದು ಏನೂ ಇಲ್ಲ. ದುಬಾರಿ ಬಟ್ಟೆ 7, ಅಗ್ಗದ್ದು 5. ಒಂದು ಗ್ರಾಂ ಆಚೀಚೆ ತೋರಿಸುವ ತಕ್ಕಡಿಯಲ್ಲಿ ಈ ಎರಡು ಗ್ರಾಂ ವ್ಯತ್ಯಾಸಕ್ಕೆ ಬೆಲೆಯಿಲ್ಲ. ನಾನು ಅದಕ್ಕೇ ಕಂತು ಕಟ್ಟಿದ್ದು! ಆದರೆ ತೆರೆದ ಲೋಟವನ್ನು ನೋಡಿ. ಅದೇ ಕಂಕುಳ ಜಿಪ್.

ಛತ್ರಿಯನ್ನೂ ನೋಡಿದೆ. ಗಾಳಿ ಇಲ್ಲದ ಅಗಲ ದಾರಿಯಲ್ಲಿ ಅದನ್ನು ಮೀರಿಸುವ ಜಾಕೆಟ್ ಇಲ್ಲ. ಪೊದೆ ಸಿಕ್ಕಿದರೆ, ಕೈ ಊರಿ ಹತ್ತಬೇಕಾದರೆ ಮುಗಿಯಿತು ಕತೆ. ತಲೆಯಿಂದ ಬ್ಯಾಗಿನ ತನಕ ಹೊದೆಯುವ ಪೊಂಚೊ ಗಾಳಿಗೆ ಮುಖಕ್ಕೆ ಬಡಿದು ಕಾಲಿಡುವ ಕಲ್ಲೇ ಕಾಣದಂತೆ ಮಾಡಿತು. ಎರಡೂ ಸಾಕಾಯಿತು.

ನಾಲ್ಕನೆಯದನ್ನು ಕೊಳ್ಳಲು ಹೋದಾಗ ತುಂಬಿದ ಬ್ಯಾಗನ್ನೇ ಬೆನ್ನಿಗೆ ಹಾಕಿಕೊಂಡು ಅಂಗಡಿಗೆ ಹೋದೆ. ಜನ ನೋಡಿದರು, ನೋಡಲಿ. ಜಾಕೆಟ್ ಹಾಕಿ, ಮೇಲೆ ಬ್ಯಾಗ್ ಹಾಕಿ, ಸೊಂಟದ ಪಟ್ಟಿ ಬಿಗಿದು, ಎರಡೂ ಕೈ ಮೇಲೆತ್ತಿದೆ. ಕೆಳಗಿನ ಅಂಚು ಪಟ್ಟಿಯಿಂದ ಕಿತ್ತು ಮೇಲೆ ಬಂದರೆ ಬೇಡ. ಟೋಪಿ ಎಳೆದುಕೊಂಡು ಎಡಕ್ಕೆ ತಿರುಗಿದೆ. ಒಂದು ಜಾಕೆಟ್ಟಿನಲ್ಲಿ ತಲೆ ತಿರುಗಿತು, ಟೋಪಿ ತಿರುಗಲಿಲ್ಲ, ಬಲಗಣ್ಣಿಗೆ ಬರೀ ಬಟ್ಟೆ. ಜಾರು ಕಲ್ಲಿನ ಮೇಲೆ ಹೀಗಾದರೆ ಏನು ಗತಿ? ಟೋಪಿಯ ಮುಂದಿನ ಅಂಚು ಗಟ್ಟಿಯಾಗಿ ನಿಲ್ಲಬೇಕು, ಹಿಂದಿನಿಂದ ಬಿಗಿಯುವ ದಾರ ಇರಬೇಕು. ಆಮೇಲೆ ಒಳಗು ಹೊರಗು ಮಾಡಿ, ಕಂಕುಳಲ್ಲಿ ಹೊಲಿಗೆಗಳು ಸೇರುವ ಜಾಗದ ಟೇಪನ್ನು ಬೆರಳಲ್ಲಿ ತೀಡಿ ನೋಡಿದೆ. ಅಲ್ಲಿ ಗುಳ್ಳೆ ಎದ್ದಿದ್ದರೆ ಉಳಿದದ್ದನ್ನು ನೋಡುವುದೇ ಬೇಡ. ಜೇಬು ಸೊಂಟದ ಪಟ್ಟಿಗಿಂತ ಮೇಲಕ್ಕಿರಬೇಕು ಅಂತ ನಿಮಗೆ ಹೇಳಬೇಕಾಗಿಲ್ಲ.

ಕೊನೆಗೆ ಕೊಂಡದ್ದು ಮೂರು ಪದರದ ಪಿಯು ಪೊರೆ, ಎರಡೂ ಅಂಕಿ 10,000, ಕಂಕುಳ ಜಿಪ್ ಒಂದು ಗೇಣಿಗಿಂತ ಉದ್ದ. ದುಬಾರಿಯದರ ಅರ್ಧಕ್ಕಿಂತ ಕಡಿಮೆ ದುಡ್ಡು. ಒಂದು ಸೈಜ್ ದೊಡ್ಡದು ತೆಗೆದುಕೊಂಡೆ, ಬೇಕಂತಲೇ. ನಡೆಯುವಾಗ ದೊಗಳೆ ಬಟ್ಟೆ ತಿದಿಯ ಹಾಗೆ ಗಾಳಿ ಆಡಿಸುತ್ತದೆ. ಚೀಟಿಯಲ್ಲಿ 240 ಗ್ರಾಂ, ನನ್ನ ತಕ್ಕಡಿಯಲ್ಲಿ 262. ಚೀಟಿಯ ತೂಕ ಮಧ್ಯಮ ಸೈಜಿನದು, ಜಗಳ ಇಲ್ಲ. ಜಿಪ್ಪಿಗೇ 40 ಗ್ರಾಂ ಹೋಗಿರಬಹುದು. ಶರ್ಟಿನಲ್ಲಿ ಉಳಿಯದ ನೀರು ಅದಕ್ಕಿಂತ ಜಾಸ್ತಿ ತೂಗುತ್ತದೆ, ಅಲ್ವಾ? ಮೆಟ್ಟಿಲ ಪರೀಕ್ಷೆಯಲ್ಲಿ ಇದು 50ಕ್ಕೆ ಬಂತು. ಒಳಗೆ ದಪ್ಪ ಬಲೆಯಂಥ ಪಾಲಿಪ್ರೊಪಿಲೀನ್ ಬನಿಯನ್ ಹಾಕಿದ ಮೇಲೆ 40ರ ಹತ್ತಿರ. ಬೆನ್ನು ಮತ್ತು ಬ್ಯಾಗಿನ ನಡುವೆ ಗಾಳಿ ಆಡುವಂತೆ ನಾನು ಮಾಡಿಕೊಂಡ ಒಂದು ಏರ್ಪಾಟಿದೆ. ಅದನ್ನು ಇಲ್ಲಿ ಹೇಳುವುದಿಲ್ಲ, ಜೊತೆಗೆ ನಡೆದವರಿಗೆ ತೋರಿಸುತ್ತೇನೆ.

ತೋಳಿನ ತುದಿಯಿಂದ ನೀರು ಏರುವುದು ಮಾತ್ರ ಬಹಳ ದಿನ ಕಾಡಿತು. ಕೋಲು ಹಿಡಿದ ಕೈಯಿಂದ ನೀರು ಒಳಗಿನ ತೋಳಿಗೆ ಹತ್ತಿ, ಬತ್ತಿಯ ಹಾಗೆ ಮೊಣಕೈ ತನಕ ಹೋಗುತ್ತಿತ್ತು. ಒಳಗಿನ ಶರ್ಟಿನ ತೋಳನ್ನು ಮೊಣಕೈ ಮೇಲಕ್ಕೆ ಮಡಚಿದೆ, ನಿಂತಿತು. ಇಷ್ಟಕ್ಕೆ ನಾನು ಎರಡು ಜೊತೆ ಕೈಗವಸು ಕೊಂಡಿದ್ದೆ.

ಇನ್ನು ಹೊರಬಟ್ಟೆಯ ನೀರು ಜಾರಿಸುವ ಲೇಪ. ಇದು ಕೈಕೊಟ್ಟರೆ ಎಷ್ಟು ಸಾವಿರದ ಪೊರೆಯಾದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಹೊಸತರಲ್ಲಿ ಹನಿ ಮಣಿಯಾಗಿ ಉರುಳುತ್ತದೆ. ಮೂರ್ನಾಲ್ಕು ಚಾರಣ ಆದ ಮೇಲೆ ಹೆಗಲ ಮೇಲೆ ಹನಿ ಚಪ್ಪಟೆಯಾಗಿ ಕೂರುತ್ತದೆ, ಆಮೇಲೆ ಬಟ್ಟೆಯ ಬಣ್ಣ ಗಾಢವಾಗುತ್ತದೆ. ನೆನೆದ ಬಟ್ಟೆ ಆವಿಯ ದಾರಿ ಕಟ್ಟಿ ಒಳಗೆ ಬೆವರು ನಿಂತರೆ ಜನ "ಸೋರ್ತಿದೆ" ಅನ್ನುತ್ತಾರೆ. ಫ್ಲೋರಿನ್ ಇಲ್ಲದ ಈಗಿನ ಲೇಪಗಳು ಮೈಯ ಜಿಡ್ಡನ್ನು ತಡೆಯುವುದಿಲ್ಲ, ಅದಕ್ಕೇ ತೊಳೆಯುವುದು ಜಾಸ್ತಿ ಬೇಕು. ತೊಳೆದರೆ ಹಾಳಾಗುತ್ತದೆ ಅಂತ ನಾನೂ ಎರಡು ವರ್ಷ ತೊಳೆಯದೆ ಇಟ್ಟು ಕೆಡಿಸಿದವನೇ. ಈಗ ಈ ಬಟ್ಟೆಗಳಿಗೆಂದೇ ಬರುವ ದ್ರವ ಸೋಪು ಹಾಕಿ, ಎರಡು ಸಲ ಜಾಲಾಡಿ ನೆರಳಲ್ಲಿ ಒಣಗಿಸುತ್ತೇನೆ. ಬಟ್ಟೆ ಮೆದು ಮಾಡುವ ದ್ರವ ಹತ್ತಿರ ತರುವುದಿಲ್ಲ. ಪೂರ್ತಿ ಒಣಗಿದ ಮೇಲೆ, ಚೀಟಿಯಲ್ಲಿ ಇಸ್ತ್ರಿಗೆ ಒಪ್ಪಿಗೆ ಇದ್ದರೆ ಮಾತ್ರ, ಮೇಲೆ ತೆಳು ಬಟ್ಟೆ ಹಾಸಿ ಕಡಿಮೆ ಬಿಸಿಯ ಇಸ್ತ್ರಿ. ಬಿಸಿ ತಾಗಿದರೆ ಮಲಗಿದ್ದ ಲೇಪ ಮತ್ತೆ ಏಳುತ್ತದೆ. ಮೊದಲ ಸಲ ಹೀಗೆ ಮಾಡಿ ನಲ್ಲಿಯಡಿ ಹಿಡಿದಾಗ ಹನಿಗಳು ಟಪಟಪ ಉರುಳಿದವು. ಮನೆಯವರನ್ನೆಲ್ಲ ಕರೆದು ತೋರಿಸಿದೆ. ಯಾರಿಗೂ ಏನೂ ಅನ್ನಿಸಲಿಲ್ಲ.

ದುಬಾರಿ ಜಾಕೆಟ್ ಇನ್ನೂ ಇದೆ. ಚಳಿಮಳೆಗೆ ಅದನ್ನೇ ಹಾಕುತ್ತೇನೆ, ಅಲ್ಲಿ ಅದು ಚೆನ್ನಾಗಿದೆ. ಅದರ ಕಂಕುಳಿಗೆ ಕತ್ತರಿ ಹಾಕಿ ಜಿಪ್ ಹೊಲಿಸೋಣ ಅಂತ ಒಬ್ಬ ದರ್ಜಿಗೆ ಕೇಳಿದ್ದೆ. ಬೆಲೆ ಎಷ್ಟು ಅಂತ ಕೇಳಿದರು, ಹೇಳಿದೆ. ಕತ್ತರಿ ಕೆಳಗಿಟ್ಟರು. "ಅಪ್ಪನ ಜಾಕೆಟ್" ಅಂದ ಗೆಳೆಯ ಮೊನ್ನೆ ಫೋನ್ ಮಾಡಿ, ತಕ್ಕಡಿ ಎರವಲು ಕೊಡ್ತೀಯಾ ಅಂತ ಕೇಳಿದ. ಶರ್ಟ್ ಒಣಗಿಸಿಕೊಂಡು ಭಾನುವಾರ ಬಾ ಅಂದಿದ್ದೇನೆ.