ಹಳೇ ಇಂಜಿನಿಯರಿಂಗ್ ಬ್ಲಾಕ್ ಒಡೆಯುವ ಮುಂಚೆ

ಹಾಸನಕ್ಕೆ ಇಂಜಿನಿಯರಿಂಗ್ ಕಾಲೇಜು ಬಂದಿದ್ದು 1960ರಲ್ಲಿ. ಹಾಗಾಗಿ ಅಜ್ಜ, ಮೊಮ್ಮಗ ಇಬ್ಬರೂ ಇಂಜಿನಿಯರಿಂಗ್ ಓದಿದ ಮನೆಗಳು ನಮ್ಮಲ್ಲಿವೆ. ಅಜ್ಜನ ಕಾಲದ ಬ್ಲಾಕಿನಲ್ಲಿ ಮೊಮ್ಮಗನಿಗೆ ರೋಬೋಟ್, ಸರ್ವರ್ ಬೇಕು ಅಂದಾಗ ಕಾಲೇಜುಗಳು ನನ್ನಂಥ ಸ್ಟ್ರಕ್ಚರಲ್ ಇಂಜಿನಿಯರನ್ನು ಕರೆಸುತ್ತವೆ. ಕಮಿಟಿಯವರು ಮೊದಲು ತೋರಿಸುವುದು ಗಾಜಿನ ಮುಂಭಾಗದ ಚಿತ್ರ. ಅದನ್ನು ಪಕ್ಕಕ್ಕಿಟ್ಟು ಅಟೆಂಡರನ್ನು ಹುಡುಕಿ. ‘ಅಣ್ಣಾ, ಮಳೆ ಬಂದ್ರೆ ಬಕೆಟ್ ಎಲ್ಲಿಡ್ತೀರಾ?’ ಅಂತ ಕೇಳಿ. ಪರೀಕ್ಷೆ ಅಲ್ಲಿಂದಲೇ ಶುರುವಾಗಲಿ.

ಕಾಂಕ್ರೀಟಿನ ಮೇಲ್ಮೈಗೆ ಬಡಿದು ಗಟ್ಟಿತನ ಅಳೆಯುವ ಹ್ಯಾಮರ್ ಟೆಸ್ಟ್ ಒಂದನ್ನೇ ನಂಬಬೇಡಿ. ಹಳೇ ಕಾಂಕ್ರೀಟಿನ ಮೇಲ್ಮೈ ಗಾಳಿಗೆ ಗಟ್ಟಿಯಾಗಿರುತ್ತದೆ, ರೀಡಿಂಗ್ ಸುಮ್ನೆ ಜಾಸ್ತಿ ಬರುತ್ತದೆ. ಕಂಬದ ಮೂಲೆಯಲ್ಲಿ ಉಳಿಯಿಂದ ಕಂಬಿ ಕಾಣುವವರೆಗೆ ಒಡೆಸಿ, ಧೂಳು ಊದಿ, ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿ. ಒಳಗೆ ಗಾಢ ಗುಲಾಬಿ ಬಣ್ಣ ಬಂದರೆ ಕಾಂಕ್ರೀಟಿನಲ್ಲಿ ಕ್ಷಾರ ಇನ್ನೂ ಉಳಿದಿದೆ; ಕಂಬಿಯನ್ನು ತುಕ್ಕಿನಿಂದ ಕಾಯುವುದು ಅದೇ. ಬಣ್ಣ ಬಾರದ ಪಟ್ಟಿ ಕಂಬಿಯವರೆಗೂ ತಲುಪಿದ್ದರೆ, ತೇವ ಸಿಕ್ಕ ಕಡೆ ತುಕ್ಕು ಹಿಡಿಯುತ್ತದೆ. ಆಮೇಲೆ ಕೋರ್ ತೆಗೆಸಿ, ಅಂದರೆ ಕಾಂಕ್ರೀಟನ್ನು ಕೊರೆದು ಉರುಳೆಯಂಥ ತುಂಡು ತೆಗೆದು ಅದರ ಬಲ ಪರೀಕ್ಷಿಸಿ. ಅಷ್ಟಾದ ಮೇಲೇ ಉಳಿಸುವುದೋ ಕೆಡವುವುದೋ ಅನ್ನುವ ಮಾತು.

ಉಳಿಸುವುದಾದರೆ ಭಾರದ ಲೆಕ್ಕ ಮಾಡಿ. ಕಟ್ಟಡ ಎಷ್ಟು ಭಾರ ಹೊರಬೇಕು ಅಂತ ಹೇಳುವ ನಮ್ಮ ಐಎಸ್ 875 ಮಾನದಂಡದ ಪ್ರಕಾರ ತರಗತಿಗೆ ಚದರ ಮೀಟರಿಗೆ 3 ಕಿಲೋನ್ಯೂಟನ್, ಅಂದರೆ ಸುಮಾರು 300 ಕೆ.ಜಿ. ಪುಸ್ತಕದ ರ‍್ಯಾಕುಗಳ ಕೋಣೆಗೆ ಕನಿಷ್ಠ ಅದರ ಎರಡರಷ್ಟು. ಮಹಡಿಯ ತರಗತಿಯನ್ನು ಸ್ಟ್ಯಾಕ್ ರೂಮ್ ಮಾಡೋಣ ಅನ್ನುವವರಿಗೆ ಈ ಅಂಕಿ ತೋರಿಸಿ. ಅಲುಗುವ, ಭಾರದ ಮಷಿನ್ ಎಲ್ಲವೂ ನೆಲಮಹಡಿಗೆ. ಗೋಡೆ ತೆಗೆದು ಹಾಲ್ ಮಾಡುವ ಆಸೆ ಇದ್ದರೆ, ಛಾವಣಿಯನ್ನು ಹೊತ್ತಿರುವುದು ಕಂಬವೋ ಆ ಗೋಡೆಯೋ ಮೊದಲು ನೋಡಿ.

ಹತ್ತು ವರ್ಷದ ಮೇಲೆ ಯಾವ ಲ್ಯಾಬ್ ಬರುತ್ತದೋ ಯಾರಿಗೆ ಗೊತ್ತು? ಅದಕ್ಕೇ ಗಾಜಿಗೆ ಇಟ್ಟ ದುಡ್ಡನ್ನು ವೈರು, ಪೈಪು ಹೋಗುವ ಡಕ್ಟಿಗೆ ಹಾಕಿ ಅಂತ ಜಗಳ ಆಡುತ್ತೇನೆ. ಕಾರಿಡಾರಿನ ಉದ್ದಕ್ಕೂ ಕೈ ಹಾಕಲು ಬರುವ ಡಕ್ಟ್, ಅದರಲ್ಲಿ ಅರ್ಧ ಖಾಲಿ. ಪ್ಯಾನೆಲ್ ಬೋರ್ಡಿನಲ್ಲೂ ಖಾಲಿ ಜಾಗ ಬಿಡಿ. ಒಳಗಿನ ಗೋಡೆ ಇಟ್ಟಿಗೆಯದು ಬೇಡ, ಬಿಚ್ಚಲು ಬರುವ ಪಾರ್ಟಿಷನ್ ಸಾಕು. ರ‍್ಯಾಂಪ್ 1:12ಕ್ಕಿಂತ, ಅಂದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದಕ್ಕಿಂತ, ಕಡಿದಾಗಬಾರದು.

ಛಾವಣಿ ಕೆಲಸ ಚಳಿಗಾಲದಲ್ಲೇ ಮುಗಿಸಿ. ಸಕಲೇಶಪುರದ ಕಡೆ ಕಾಫಿ ತೋಟದವರು ಹೂಮಳೆಗೆ ಕಾಯುವ ಹೊತ್ತಿಗೆ ನಿಮ್ಮ ವಾಟರ್‌ಪ್ರೂಫಿಂಗ್ ಒಣಗಿರಬೇಕು, ಅಲ್ವಾ? ಇಡೀ ಬ್ಲಾಕನ್ನು ಒಟ್ಟಿಗೆ ಖಾಲಿ ಮಾಡಿಸಬೇಡಿ, ಒಂದೊಂದೇ ಪಕ್ಕ ಹಿಡಿಯಿರಿ. ಕಾಂಕ್ರೀಟ್, ಕಂಬಿ ಪರೀಕ್ಷಿಸುವ ಯುಟಿಎಂ (ಯೂನಿವರ್ಸಲ್ ಟೆಸ್ಟಿಂಗ್ ಮಷಿನ್) ಜಾಗ ಬದಲಾದರೆ ಮತ್ತೆ ಕ್ಯಾಲಿಬ್ರೇಷನ್, ಅಂದರೆ ಅದರ ಅಳತೆ ಸರಿಯಿದೆಯೇ ಅನ್ನುವ ತಪಾಸಣೆ, ಆಗಬೇಕು. ಅಲ್ಲಿಯವರೆಗೆ ಹೊರಗಿನವರಿಗೆ ಟೆಸ್ಟ್ ರಿಪೋರ್ಟ್ ಕೊಡುವಂತಿಲ್ಲ. ಮಷಿನ್ ಎತ್ತುವ ಮೊದಲೇ ಕ್ಯಾಲಿಬ್ರೇಷನ್‌ನವರ ದಿನಾಂಕ ಹಿಡಿದಿಡಿ, ಅದು ವಿದ್ಯಾರ್ಥಿಗಳ ಲ್ಯಾಬ್ ಪರೀಕ್ಷೆಯ ವಾರಕ್ಕೆ ಬೀಳದಂತೆ ನೋಡಿಕೊಳ್ಳಿ.