ಹೊಸ್ತಿಲ ಹೊರಗೆ ನಿಂತು ಕಲಿತದ್ದು

ನಾನು ವಿಜಯಪುರ ಜಿಲ್ಲೆಯ ಸಿಂದಗಿ ಕಡೆಯವಳು. ಆಂಧ್ರದ ಗಡಿಗೆ ಹತ್ತಿರದ ಚಿಂತಾಮಣಿ ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಶಾಲೆಗೆ ಶಿಕ್ಷಕಿಯಾಗಿ ಬಂದಾಗ, ಇದೂ ಕರ್ನಾಟಕವೇ ಅಲ್ಲವೇ, ಹೊಂದಿಕೊಳ್ಳುವುದಕ್ಕೇನಿದೆ ಎಂದುಕೊಂಡಿದ್ದೆ. ಮೊದಲ ದಿನ ಒಂದನೇ ತರಗತಿಯ ಮಗುವೊಂದು ಎದ್ದುನಿಂತು ತೆಲುಗಿನಲ್ಲಿ ನೀರು ಕೇಳಿತು. "ಇಲ್ಲಿ ಕನ್ನಡ ಮಾತ್ರ" ಎಂದೆ. ಮಗು ಸುಮ್ಮನೆ ಕುಳಿತುಬಿಟ್ಟಿತು. ವಾರ ಕಳೆಯುವಷ್ಟರಲ್ಲಿ ತರಗತಿಗೆ ತರಗತಿಯೇ ಬಾಯಿ ಮುಚ್ಚಿತ್ತು. ಅದನ್ನು ಶಿಸ್ತು ಎಂದು ತಿಳಿದಿದ್ದೆ. ಆ ಮಗುವಿನ ಮುಖ ಇಂದಿಗೂ ನನ್ನನ್ನು ನೋಯಿಸುತ್ತದೆ.

ಕಣ್ಣು ತೆರೆದದ್ದು ರೇಷ್ಮೆ ಹುಳುಗಳಿಂದ. ಮೂರನೇ ತರಗತಿಯ ಹುಡುಗಿಯೊಬ್ಬಳು ನಾಲ್ಕು ದಿನ ಬಾರದಿದ್ದಾಗ ಮನೆಗೆ ಹೋದೆ. ಹುಳುಮನೆಯ ಬಾಗಿಲಲ್ಲಿ ಅವಳ ಅಜ್ಜಿ ಎರಡೂ ಕೈ ಚಾಚಿ ಅಡ್ಡ ನಿಂತರು. "ಒದ್ದಮ್ಮಾ, ಒದ್ದು!" ಬೇಡ ಎಂದರ್ಥ. ಜಾತಿ ನೋಡಿ ತಡೆದರೇನೋ ಎಂಬ ಅನುಮಾನವೂ ಹಾದುಹೋಯಿತು. ಮುಖ ಕೆಂಪಾಗಿ ಹಿಂದಿರುಗಿದೆ.

ಮರುದಿನ ಹುಡುಗಿಯ ತಂದೆ ಶಾಲೆಗೇ ಬಂದು ವಿವರಿಸಿದರು. ಹುಳು ಪೊರೆ ಬಿಡುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ಒಟ್ಟು ನಾಲ್ಕು ಜ್ವರ. ನಾಲ್ಕನೇ ಜ್ವರದಿಂದ ಎದ್ದ ಮೇಲೆ, ಇಡೀ ಬೆಳೆಗೆ ಬೇಕಾಗುವ ಹಿಪ್ಪುನೇರಳೆ ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಹೆಚ್ಚನ್ನು ಹುಳು ಸುಮಾರು ಒಂದು ವಾರದಲ್ಲೇ ತಿನ್ನುತ್ತದೆ. ಆಮೇಲೆ ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳುಗಳನ್ನು ಆರಿಸಿ, ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಡಬೇಕು. ಆ ದಿನಗಳಲ್ಲಿ ಹೊರಗಿನ ಚಪ್ಪಲಿಯ ಧೂಳಿನೊಂದಿಗೆ ರೋಗ ಹೊಕ್ಕರೆ ಬೆಳೆ ಹೋಗುತ್ತದೆ; ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಒಯ್ಯಲು ಏನೂ ಉಳಿಯುವುದಿಲ್ಲ. ಮನೆಯವರೂ ಕಾಲು ತೊಳೆದೇ ಒಳಗೆ ಹೋಗುವುದು. ಅಜ್ಜಿ ಕಾಪಾಡಿದ್ದು ಮನೆಯ ಅನ್ನವನ್ನು.

ಅಂದಿನಿಂದ ತರಗತಿಯ ಕ್ಯಾಲೆಂಡರಿನಲ್ಲಿ ಯಾರ ಮನೆಗೆ ಚಾಕಿ ಹುಳು, ಅಂದರೆ ಮರಿ ಹುಳು, ಯಾವಾಗ ಬಂತು ಎಂಬುದನ್ನು ಬರೆದಿಡತೊಡಗಿದೆ. ಕಷ್ಟದ ವಾರ ಬರುವ ಮುಂಚೆಯೇ ಮನೆಯವರೊಡನೆ ಮಾತನಾಡುತ್ತಿದ್ದೆ. ಮಕ್ಕಳು ಶಾಲೆ ಬಿಡುವುದನ್ನು ಮಾತ್ರ ಒಪ್ಪಲಿಲ್ಲ, ಅದನ್ನು ನೇರವಾಗಿಯೇ ಹೇಳಿದೆ. ಅವರ ಕಷ್ಟ ನನಗೆ ಗೊತ್ತಿದೆ ಎಂದು ತಿಳಿದ ಮೇಲೆ ನನ್ನ ಮಾತೂ ಅವರಿಗೆ ಕೇಳಿಸಿತು. ಬೆಳಗಿನ ಸೊಪ್ಪು ಹಾಕಿ ಮಕ್ಕಳು ಬರತೊಡಗಿದರು, ಕೆಲವೊಮ್ಮೆ ತಡವಾಗಿ.

ಭಾಷೆಗೆ ಒಂದು ನೋಟ್‌ಬುಕ್ ಇಟ್ಟೆ. ಮಕ್ಕಳು ಹೇಳಿದ ತೆಲುಗು ಪದ ಎಡಕ್ಕೆ, ಕನ್ನಡ ಪದ ಬಲಕ್ಕೆ. ಪಾಲು, ಹಾಲು. ಪುಲಿ, ಹುಲಿ. ಪಂದಿ, ಹಂದಿ. ಬರೆಯುತ್ತಾ ಹೋದಂತೆ ಕೈ ತಡೆಯಿತು. ಹಳಗನ್ನಡದಲ್ಲಿಯೂ ಇವು ಪಾಲ್, ಪುಲಿ, ಪಂದಿಗಳೇ! ನಮ್ಮ ಪಕಾರ ಹಕಾರವಾದದ್ದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದ ನಾನು, ಅದೇ ಪಕಾರ ಮಕ್ಕಳ ಬಾಯಲ್ಲಿ ಬಂದಾಗ ತಡೆದಿದ್ದೆ. ಮರುದಿನ ಅದನ್ನೇ ಆಟ ಮಾಡಿದೆ: ನೀವು 'ಪ' ಹೇಳಿ, ನಾನು 'ಹ' ಹೇಳುತ್ತೇನೆ. ತರಗತಿ ಗದ್ದಲವಾಯಿತು. ಎಷ್ಟು ಒಳ್ಳೆಯ ಗದ್ದಲ ಅದು! ತೆಲುಗು, ಕನ್ನಡ ಎರಡರಲ್ಲೂ ಹಾಡಿದ ಸಂತಕವಿ ಕೈವಾರದ ತಾತಯ್ಯನವರ ಕೀರ್ತನೆಯೊಂದನ್ನು ಮಕ್ಕಳೇ ನನಗೆ ಕಲಿಸಿದರು.

ಮುದ್ದೆಯನ್ನು ಅಗಿಯದೆ ನುಂಗಲು ಕಲಿಸಿದ್ದು ಬಾಗಿಲಲ್ಲಿ ತಡೆದ ಆ ಅಜ್ಜಿಯೇ. ನಾನು ಜೋಳದ ರೊಟ್ಟಿ, ಗುರೆಳ್ಳಿನ ಚಟ್ನಿಪುಡಿ ಒಯ್ದಿದ್ದೆ. ಪುಡಿಯನ್ನು ನಾಲಿಗೆಗೆ ಹಚ್ಚಿ ನೋಡಿದವರು, "ಇದು ನಮ್ಮ ಹುಚ್ಚೆಳ್ಳು" ಎಂದರು.

ಈಗಲೂ ಅವರ ಮನೆಗೆ ಹೋದರೆ ಹೊರಗೇ ನಿಂತು "ಅವ್ವಾ" ಎಂದು ಕರೆಯುತ್ತೇನೆ. ನಮ್ಮ ಕಡೆ ಅವ್ವ ಎಂದರೆ ತಾಯಿ, ಅವರ ಮನೆಯ ಮಾತಿನಲ್ಲಿ ಅಜ್ಜಿ. ಹುಳು ಎಷ್ಟನೇ ಜ್ವರದಲ್ಲಿದೆ ಎಂದು ಕೇಳುತ್ತೇನೆ. ಅವರು ಕಾಲು ತೊಳೆಯಲು ಚೊಂಬಿನಲ್ಲಿ ನೀರು ತರುತ್ತಾರೆ.